ಪಂಪನ ಬದುಕು: ವ್ಯೂಹದ ಒಳಗೂ ಹೊರಗೂ

ಹುಬ್ಬಳ್ಳಿಯಿಂದ ಗದಗಿಗೆ ಹೋಗುವವರು ಶಿರಗುಪ್ಪಿಯನ್ನು ದಾಟಿ ಮುಂದೆ ಸಾಗಿದರೆ ಅಣ್ಣಿಗೇರಿ ಸಿಗುತ್ತದೆ. ಎರೆಮಣ್ಣಿನ ಈ ಬಯಲುಸೀಮೆ ಕನ್ನಡ ಕಾವ್ಯಚರಿತ್ರೆಯಲ್ಲಿ ಎರಡು ಕಾರಣಗಳಿಂದ ಮುಖ್ಯವಾದುದು. ಕುಮಾರವ್ಯಾಸನ ಊರೆಂದು ಪ್ರಸಿದ್ಧವಾದ ಕೋಳಿವಾಡ ಇದೇ ಹುಬ್ಬಳ್ಳಿ ತಾಲ್ಲೂಕಿನಲ್ಲಿದೆ. ಅವನಿಗಿಂತ ಹಲವು ಶತಮಾನ ಹಿಂದೆ ಭಾರತಕಥೆಯನ್ನು ಕನ್ನಡಕ್ಕೆ ತಂದ ಪಂಪನ ತಾಯಿಯ ಮನೆತನ ಅಣ್ಣಿಗೇರಿಯದು. ಹೀಗೆ ಕನ್ನಡದ ಎರಡು ಮಹಾಭಾರತಗಳ ಬೇರುಗಳು ಒಂದು ದಿನದ ನಡಿಗೆಯ ಅಂತರದಲ್ಲಿ ನೆಲೆಗೊಂಡಿವೆ.

ಪಂಪನನ್ನು ಆದಿಕವಿ ಎಂದು ಕರೆಯುವ ರೂಢಿ ಎಷ್ಟು ಬಲವಾಗಿದೆಯೆಂದರೆ, ಅವನು ಯೋಧನೂ ಆಗಿದ್ದನೆಂಬ ಸಂಗತಿ ಅನೇಕ ವೇಳೆ ಒಂದು ವಿಶೇಷಣವಾಗಿ ಮಾತ್ರ ಉಳಿಯುತ್ತದೆ. ಕಲಿಯೂ ಹೌದು, ಕವಿಯೂ ಹೌದು ಎಂಬ ಮಾತು ಸಾಹಿತ್ಯಚರಿತ್ರೆಗಳಲ್ಲಿ ಪುನರುಕ್ತಿಗೊಂಡು ಸವೆದಿದೆ. ಸೇನೆಯ ಅನುಭವ ಅವನ ಕಾವ್ಯದೊಳಗೆ ಯಾವ ರೂಪ ತಾಳಿತು, ಆ ಸೇವೆಯ ಋಣದಿಂದ ಅವನು ಹೊರಬಂದ ಬಗೆ ಯಾವುದು ಎಂಬ ಪ್ರಶ್ನೆಗಳನ್ನು ಅವನ ಜೀವನದೊಂದಿಗೆ ಸೇರಿಸಿ ನೋಡಬೇಕಾಗಿದೆ. ಈ ನೋಟಕ್ಕೆ ಅವನ ಕಾವ್ಯಗಳೇ ಒಂದು ಸಂಕೇತವನ್ನು ಒದಗಿಸುತ್ತವೆ. ಒಳಹೊಗಲು ದಾರಿಯಿದ್ದು ಹೊರಬರಲು ದಾರಿಯಿಲ್ಲದ ವ್ಯೂಹವೇ ಆ ಸಂಕೇತ.

1. ತಂದೆಯ ನಾಡು, ತಾಯಿಯ ನಾಡು

ಪಂಪನು ದುಂದುಭಿ ಸಂವತ್ಸರದಲ್ಲಿ, ಅಂದರೆ ಕ್ರಿ.ಶ. 902ರಲ್ಲಿ ಜನಿಸಿದನು. ಅವನ ಪೂರ್ವಜರು ವೆಂಗಿನಾಡಿನ ಶ್ರೀವತ್ಸ ಗೋತ್ರದ ಬ್ರಾಹ್ಮಣರು. ವಂಶದ ಹಿರಿಯನಾದ ಮಾಧವ ಸೋಮಯಾಜಿ ಯಜ್ಞಗಳಿಂದ ಹೆಸರಾದವನು. ಅವನ ಮಗ ಅಭಿಮಾನಚಂದ್ರ, ಅವನ ಮಗ ಕೊಮರಯ್ಯ, ಅವನ ಮಗ ಅಭಿರಾಮದೇವರಾಯ. ಈ ಅಭಿರಾಮದೇವರಾಯನನ್ನು ಶಾಸನವು ಭೀಮಪಯ್ಯನೆಂದು ಕರೆಯುತ್ತದೆ. ಇವನೇ ಪಂಪನ ತಂದೆ. ಪಂಪನು ತನ್ನ ಮುತ್ತಾತನ ತಂದೆಯ ಯಜ್ಞಗಳನ್ನು ನೆನೆಯುವಾಗ ಹೋಮದ ಹೊಗೆ ಅವನ ಬೆಳ್ಳಗಿನ ಕೀರ್ತಿಯನ್ನು ಕಪ್ಪಾಗಿಸಿತೆಂಬ ಅರ್ಥದ ಮಾತನ್ನು ಆಡುತ್ತಾನೆ. ವಂಶದ ಹಿರಿಮೆಯನ್ನು ಒಪ್ಪುತ್ತಲೇ ಅದರ ದಾರಿಯನ್ನು ಒಪ್ಪದಿರುವ ನಿಲುವು ಅದರಲ್ಲಿದೆ. ಶ್ರೇಷ್ಠ ಕುಲದಲ್ಲಿ ಹುಟ್ಟಿದವನು ನಂಬತಕ್ಕದ್ದು ಶ್ರೇಷ್ಠವಾದ ಜಿನಧರ್ಮವನ್ನೇ ಎಂಬ ವಿವೇಚನೆಯಿಂದ ಅಭಿರಾಮದೇವರಾಯನು ಜೈನನಾದನೆಂದು ಕವಿ ತಿಳಿಸುತ್ತಾನೆ. ಹುಟ್ಟಿದ ದಾರಿಯಿಂದ ಹೊರಗೆ ಬರಬಹುದೆಂಬ ಪಾಠ ಪಂಪನಿಗೆ ಮೊದಲು ಸಿಕ್ಕಿದ್ದು ಮನೆಯಲ್ಲಿಯೇ.

ತಾಯಿ ಅಬ್ಬಣಬ್ಬೆ. ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಆಕೆ. ಈ ವಿವರ ಪಂಪನ ಕಾವ್ಯಗಳಿಂದಲ್ಲ, ಅವನ ತಮ್ಮ ಜಿನವಲ್ಲಭನು ತೆಲಂಗಾಣದ ಕುರ್ಕ್ಯಾಲದಲ್ಲಿ ಬಂಡೆಯ ಮೇಲೆ ಕೆತ್ತಿಸಿದ ಶಾಸನದಿಂದ ತಿಳಿದುಬಂದುದು. ಕನ್ನಡ ಸಾಹಿತ್ಯಚರಿತ್ರೆಗೆ ಈ ಒಂದು ಸಾಲಿನ ಮಹತ್ವ ದೊಡ್ಡದು. ಪಂಪನು ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಳ್ಳುತ್ತಾನೆ. ಪುಲಿಗೆರೆ ಇಂದಿನ ಲಕ್ಷ್ಮೇಶ್ವರ. ಅಣ್ಣಿಗೇರಿಯ ನೆರೆಯ ನಾಡು. ತಂದೆಯ ಮನೆತನ ತೆಲುಗು ನಾಡಿನದು, ಆಶ್ರಯವೂ ತೆಲುಗು ನಾಡಿನಲ್ಲಿದ್ದ ಆಸ್ಥಾನದ್ದು. ಹಾಗಿದ್ದೂ ಕಾವ್ಯದ ನುಡಿ ಬೆಳ್ವೊಲ-ಪುಲಿಗೆರೆಗಳ ಸೀಮೆಯದು. ಕವಿ ತಾಯಿಯ ನುಡಿಯನ್ನು ಆರಿಸಿಕೊಂಡನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗದು.

ಬನವಾಸಿಯೊಂದಿಗೂ ಅವನಿಗೆ ಗಾಢವಾದ ಸಂಬಂಧವಿತ್ತು. ಮುಳಿಯ ತಿಮ್ಮಪ್ಪಯ್ಯನವರು 1938ರಲ್ಲಿ ಪ್ರಕಟಿಸಿದ ‘ನಾಡೋಜ ಪಂಪ’ದಲ್ಲಿ ಈ ನಂಟನ್ನು ವಿಸ್ತಾರವಾಗಿ ಚರ್ಚಿಸಿದರು. ಅರ್ಜುನನ ತೀರ್ಥಯಾತ್ರೆಯ ನೆಪದಲ್ಲಿ ಬರುವ ಬನವಾಸಿಯ ವರ್ಣನೆಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಆನೆಯ ಅಂಕುಶದಿಂದ ತಿವಿದರೂ ತನ್ನ ಮನಸ್ಸು ಆ ನಾಡನ್ನೇ ನೆನೆಯುತ್ತದೆ ಎಂಬ ಭಾವ ಅಲ್ಲಿ ಬರುತ್ತದೆ. ಅಂಕುಶ ಗಜಸೇನೆಯ ಸಾಧನ. ದೂರದ ನಾಡಿನಲ್ಲಿ ಸೇವೆಯಲ್ಲಿರುವವನ ಊರಿನ ಹಂಬಲವು ಸೇನೆಯ ಸಾಮಗ್ರಿಯ ಮೂಲಕವೇ ಮಾತಾಗಿದೆ.

2. ವೇಮುಲವಾಡದ ಸೇವೆ

ಪಂಪನ ಆಶ್ರಯದಾತ ಇಮ್ಮಡಿ ಅರಿಕೇಸರಿ. ಇವನು ವೇಮುಲವಾಡದ ಚಾಲುಕ್ಯ ಮನೆತನದವನು, ರಾಷ್ಟ್ರಕೂಟರ ಸಾಮಂತ. ಈ ಮನೆತನದ ಮೊದಲ ನೆಲೆ ಬೋಧನ. ಅರಿಕೇಸರಿಯ ಪೂರ್ವಿಕನಾದ ಯುದ್ಧಮಲ್ಲನು ಬೋಧನದಲ್ಲಿ ಆನೆಗಳಿಗೆ ಎಣ್ಣೆಯ ಕೊಳಗಳಲ್ಲಿ ಸ್ನಾನ ಮಾಡಿಸುತ್ತಿದ್ದನೆಂದು ಪಂಪ ಹೇಳುತ್ತಾನೆ. ಜೈನ ಪರಂಪರೆಯ ಪೌದನಪುರ, ಅಂದರೆ ಬಾಹುಬಲಿಯ ರಾಜಧಾನಿ, ಈ ಬೋಧನವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಬಾಹುಬಲಿಯ ಕಥೆಯನ್ನು ಕನ್ನಡಿಸಿದ ಕವಿ ಸೇವೆಗೆ ಸೇರಿದ್ದು ಅಂಥ ಊರಿನ ನೆನಪನ್ನು ಹೊತ್ತ ಮನೆತನದಲ್ಲಿ.

ಹತ್ತನೆಯ ಶತಮಾನದ ಮೊದಲ ಭಾಗ ದಕ್ಷಿಣಾಪಥದಲ್ಲಿ ಯುದ್ಧಗಳ ಕಾಲ. ಮುಮ್ಮಡಿ ಇಂದ್ರನ ಉತ್ತರದ ದಂಡಯಾತ್ರೆಯಲ್ಲಿ ಅರಿಕೇಸರಿಯ ತಂದೆ ನರಸಿಂಹನು ಘೂರ್ಜರ ರಾಜನನ್ನು ಬೆನ್ನಟ್ಟಿ ತನ್ನ ಕುದುರೆಗಳಿಗೆ ಗಂಗೆಯ ಸಂಗಮದಲ್ಲಿ ಮೀಯಿಸಿದನು. ಆಗ ಪಂಪ ಇನ್ನೂ ಬಾಲಕ. ಮುಂದೆ ನಾಲ್ವಡಿ ಗೋವಿಂದನ, ಅಂದರೆ ಗೊಜ್ಜಿಗನ, ಕೋಪಕ್ಕೆ ಗುರಿಯಾಗಿ ಶರಣು ಬಂದ ವಿಜಯಾದಿತ್ಯನನ್ನು ಅರಿಕೇಸರಿ ಬಿಟ್ಟುಕೊಡಲಿಲ್ಲ. ಗೊಜ್ಜಿಗನನ್ನು ಇಳಿಸಿ ಬದ್ದೆಗನಿಗೆ ರಾಜ್ಯವನ್ನು ಒಪ್ಪಿಸುವುದರಲ್ಲಿ ಅವನ ಪಾತ್ರ ದೊಡ್ಡದು. ಬದ್ದೆಗನೇ ಮುಮ್ಮಡಿ ಅಮೋಘವರ್ಷ. ಅವನು ಪಟ್ಟಕ್ಕೆ ಬಂದದ್ದು ಸುಮಾರು 935ರಲ್ಲಿ. ಆಗ ಪಂಪನಿಗೆ ಮೂವತ್ತಮೂರು ವರ್ಷ. ಈ ಘಟನೆಗಳನ್ನು ಅವನು ವಿವರಿಸುವ ರೀತಿಯಲ್ಲಿ ಸಮಕಾಲೀನನ ನಿಖರತೆಯಿದೆ.

ಪಂಪನು ತನ್ನನ್ನು ಶತ್ರುಗಳ ಚತುರಂಗಬಲಕ್ಕೆ ಭಯವನ್ನು ಹುಟ್ಟಿಸುವವನೆಂದು ವರ್ಣಿಸಿಕೊಂಡಿದ್ದಾನೆ. ಅದೇ ಕವಿ ತನ್ನ ರೂಪವನ್ನು ಚಿತ್ರಿಸುವಾಗ ಬಾಳೆಯ ತಿರುಳಿನ ಶ್ಯಾಮಲ ಬಣ್ಣ, ಮೆತ್ತನೆಯ ಗುಂಗುರು ಕೂದಲು, ಸಾಧಾರಣ ಎತ್ತರದ ಮೃದುವಾದ ದೇಹ, ಹಿತಮಿತವಾದ ಮಾತು ಇವುಗಳನ್ನು ಹೇಳುತ್ತಾನೆ. ಈ ಎರಡು ಚಿತ್ರಗಳ ನಡುವೆ ವಿರೋಧವಿಲ್ಲ. ಆ ಕಾಲದಲ್ಲಿ ಯೋಧವೃತ್ತಿ ಮತ್ತು ವಿದ್ವತ್ತು ಒಬ್ಬನಲ್ಲಿಯೇ ಕೂಡುವುದು ಅಪರೂಪವಾಗಿರಲಿಲ್ಲ. ‘ಛಂದೋಂಬುಧಿ’ಯನ್ನು ಬರೆದ ಒಂದನೆಯ ನಾಗವರ್ಮನ ಪೂರ್ವಜರೂ ವೆಂಗಿನಾಡಿನವರು, ಅವನೂ ಆಯುಧ ಹಿಡಿದವನು. ಗಂಗರ ಸೇನಾಪತಿ ಚಾವುಂಡರಾಯನು 978ರಲ್ಲಿ ಗದ್ಯಪುರಾಣವನ್ನು ರಚಿಸಿದನು.

ಈ ವೃತ್ತಿಯ ನೀತಿಯನ್ನು ಆ ಕಾಲದ ಕನ್ನಡ ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಪದಗಳಲ್ಲಿ ಹಿಡಿದಿಟ್ಟಿದೆ. ಉಂಡ ಅನ್ನದ ಋಣವನ್ನು ಪ್ರಾಣ ಕೊಟ್ಟು ತೀರಿಸುವುದು ಜೋಳವಾಳಿ. ಬೆಳ್ವೊಲದ ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳು ಈ ನೀತಿಯ ದಾಖಲೆಗಳು. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರೊಡನೆ ಏರುವ ವೀರ, ಮೇಲಿನ ಪಟ್ಟಿಕೆಯಲ್ಲಿ ದೇವಸನ್ನಿಧಿ. ಇದು ಅವುಗಳ ಸಾಮಾನ್ಯ ವಿನ್ಯಾಸ. ವೀರಗಲ್ಲು ಯೋಧನಿಗೆ ತೋರಿಸುವ ದಾರಿ ಒಂದೇ, ಅದು ಸಾವಿನ ಮೂಲಕ ಮೇಲಕ್ಕೆ ಹೋಗುವ ದಾರಿ. ಬದುಕಿ ಉಳಿದ ಯೋಧನಿಗೆ ಅದರಲ್ಲಿ ಸ್ಥಳವಿಲ್ಲ. ಪಂಪನ ಎರಡು ಕಾವ್ಯಗಳನ್ನು ಈ ಕೊರತೆಯ ಎದುರಿಗಿಟ್ಟು ಓದಿದಾಗ ಅವುಗಳ ಒಳಸಂಬಂಧ ತೋರುತ್ತದೆ.

3. ಆದಿಪುರಾಣ: ನಿಂತ ಚಕ್ರ, ತೆರೆದ ಬಾಗಿಲು

‘ಆದಿಪುರಾಣ’ ಪೂರ್ಣಗೊಂಡದ್ದು ಶಕ 863ರ ಪ್ಲವ ಸಂವತ್ಸರದಲ್ಲಿ, ಅಂದರೆ ಕ್ರಿ.ಶ. 941ರಲ್ಲಿ. ಪಂಪನಿಗೆ ಆಗ ಮೂವತ್ತೊಂಬತ್ತು ವರ್ಷ. ಇದನ್ನು ಮೂರು ತಿಂಗಳಲ್ಲಿ, ‘ವಿಕ್ರಮಾರ್ಜುನವಿಜಯ’ವನ್ನು ಆರು ತಿಂಗಳಲ್ಲಿ ಮುಗಿಸಿದುದಾಗಿ ಅವನೇ ಹೇಳಿಕೊಂಡಿದ್ದಾನೆ. ಒಂದರಲ್ಲಿ ಜಿನಾಗಮವನ್ನು, ಇನ್ನೊಂದರಲ್ಲಿ ಲೌಕಿಕವನ್ನು ಬೆಳಗಿಸುವೆನೆಂಬ ವಿಭಜನೆಯೂ ಅವನದೇ. ಈ ವಿಭಜನೆಯನ್ನು ಅಕ್ಷರಶಃ ತೆಗೆದುಕೊಂಡು ಎರಡು ಕಾವ್ಯಗಳನ್ನು ಬೇರೆ ಬೇರೆಯಾಗಿ ಓದುವ ಪದ್ಧತಿ ಬೆಳೆದಿದೆ. ಆದರೆ ಎರಡರ ಕೇಂದ್ರದಲ್ಲಿಯೂ ವೃತ್ತಾಕಾರದ ರಚನೆಗಳಿವೆ, ಎರಡರಲ್ಲಿಯೂ ಯುದ್ಧದ ಫಲವೇನೆಂಬ ಪ್ರಶ್ನೆಯಿದೆ.

‘ಆದಿಪುರಾಣ’ಕ್ಕೆ ಜಿನಸೇನಾಚಾರ್ಯರ ಸಂಸ್ಕೃತ ‘ಪೂರ್ವಪುರಾಣ’ ಆಕರ. ಹದಿನಾರು ಆಶ್ವಾಸಗಳ ಈ ಕಾವ್ಯದ ಪೂರ್ವಾರ್ಧದಲ್ಲಿ ಆದಿದೇವನ ಭವಾವಳಿ ಬರುತ್ತದೆ. ಜಯವರ್ಮ, ಮಹಾಬಲ, ಲಲಿತಾಂಗ, ವಜ್ರಜಂಘ ಎಂದು ಜೀವವೊಂದು ಜನ್ಮದಿಂದ ಜನ್ಮಕ್ಕೆ ಸುತ್ತುತ್ತದೆ. ಪ್ರತಿ ಜನ್ಮವೂ ಭೋಗದ ಒಂದು ಆವರಣ. ಪ್ರತಿ ಆವರಣದಲ್ಲಿಯೂ ಒಳಗಿರುವವನಿಗೆ ಅದೇ ಪೂರ್ಣ ಲೋಕವೆನಿಸುತ್ತದೆ. ವಜ್ರಜಂಘ ಮತ್ತು ಶ್ರೀಮತಿಯರ ಮರಣದ ಪ್ರಸಂಗ ಈ ದೃಷ್ಟಿಯಿಂದ ಗಮನಾರ್ಹ. ಶಯ್ಯಾಗೃಹದ ಕಿಟಕಿಗಳನ್ನು ತೆರೆಯಲು ಸೇವಕ ಮರೆತದ್ದರಿಂದ ಕಾಳಾಗರುವಿನ ಧೂಪದ ಹೊಗೆ ತುಂಬಿ ದಂಪತಿಗಳು ಅಪ್ಪಿಕೊಂಡೇ ಪ್ರಾಣ ಬಿಡುತ್ತಾರೆ. ಶತ್ರುವಿಲ್ಲ, ಆಯುಧವಿಲ್ಲ, ಸುಖದ ಕೋಣೆಯೇ ಹೊರದಾರಿಯಿಲ್ಲದ ವ್ಯೂಹವಾಗಿದೆ.

ಉತ್ತರಾರ್ಧದಲ್ಲಿ ಭರತನ ದಿಗ್ವಿಜಯ. ಇಲ್ಲಿ ಪಂಪನ ಯುದ್ಧಪರಿಚಯ ಸಹಜವಾಗಿ ಕೆಲಸ ಮಾಡಿದೆ. ಆದರೆ ಅವನ ಲಕ್ಷ್ಯವಿರುವುದು ಗೆಲುವು ಕುಸಿಯುವ ಕ್ಷಣಗಳ ಮೇಲೆ. ಮೊದಲನೆಯದು ವೃಷಭಾಚಲದ ಪ್ರಸಂಗ. ತನ್ನ ಕೀರ್ತಿಯನ್ನು ಬರೆಸಲು ಬೆಟ್ಟಕ್ಕೆ ಬಂದ ಭರತನಿಗೆ ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಬಂಡೆಯೆಲ್ಲ ತುಂಬಿಹೋಗಿರುವುದು ಕಾಣುತ್ತದೆ. ಗರ್ವ ಇಳಿದ ಭರತನು ಒಂದನ್ನು ಅಳಿಸಿ ತನ್ನದನ್ನು ಬರೆಸುತ್ತಾನೆ. ಬರಹವು ಶಾಶ್ವತತೆಯನ್ನು ಕೊಡುತ್ತದೆಂಬ ರಾಜರ ನಂಬಿಕೆಯನ್ನು ರಾಜಾಶ್ರಯದ ಕವಿಯೊಬ್ಬ ಹೀಗೆ ಪರೀಕ್ಷೆಗೆ ಒಡ್ಡುವುದು ಸಣ್ಣ ಸಂಗತಿಯಲ್ಲ.

ಎರಡನೆಯದು ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುವ ಪ್ರಸಂಗ. ಲೋಕವನ್ನೆಲ್ಲ ಸುತ್ತಿದ ಚಕ್ರಕ್ಕೆ ಸ್ವಂತ ಊರಿನ ಒಳಗೆ ಹೋಗಲಾಗುವುದಿಲ್ಲ. ತಮ್ಮಂದಿರು ಇನ್ನೂ ಎರಗಿಲ್ಲವೆಂಬುದು ಅದಕ್ಕೆ ಕಾರಣ. ಅಲ್ಲಿಂದ ಬಾಹುಬಲಿಯೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲಿಯೂ ಗೆದ್ದ ಬಾಹುಬಲಿ ಅಣ್ಣನನ್ನು ಎತ್ತಿ ನೆಲಕ್ಕೆ ಅಪ್ಪಳಿಸದೆ ಮೆಲ್ಲಗೆ ಇಳಿಸುತ್ತಾನೆ. ಸೋತ ಭರತನು ಬಿಟ್ಟ ಚಕ್ರ ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಲ್ಲುತ್ತದೆ. ಗೆದ್ದವನೇ ರಾಜ್ಯವನ್ನು ಬಿಟ್ಟು ಹೊರಡುತ್ತಾನೆ. ಸೋತು ಬಿಡುವುದು ಅನಿವಾರ್ಯತೆ, ಗೆದ್ದು ಬಿಡುವುದು ವಿವೇಕ. ಯೋಧನೊಬ್ಬ ಆಯುಧವನ್ನು ಕೆಳಗಿಡುವ ಕ್ರಿಯೆಗೆ ಇಷ್ಟು ಗೌರವದ ಚಿತ್ರ ಕನ್ನಡದಲ್ಲಿ ಇದಕ್ಕೆ ಮೊದಲು ಸಿಗುವುದಿಲ್ಲ. ಈ ಕಾವ್ಯವಾದ ನಲವತ್ತು ವರ್ಷಗಳಿಗೆ, 981ರಲ್ಲಿ, ಇನ್ನೊಬ್ಬ ಯೋಧ-ಲೇಖಕ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಅದೇ ಬಾಹುಬಲಿಯನ್ನು ಕಲ್ಲಿನಲ್ಲಿ ನಿಲ್ಲಿಸಿದನು.

ಮೂರನೆಯದು ಸಮವಸರಣ. ಕೇವಲಜ್ಞಾನ ಪಡೆದ ತೀರ್ಥಂಕರನ ಸುತ್ತ ದೇವತೆಗಳು ನಿರ್ಮಿಸುವ ಈ ಸಭೆ ವೃತ್ತಾಕಾರದ್ದು. ಕಂದಕ, ಹೂದೋಟ, ವನ, ಪ್ರಾಕಾರಗಳು ಒಂದರೊಳಗೊಂದು ಸುತ್ತಿಕೊಂಡಿರುತ್ತವೆ. ಆಕಾರದಲ್ಲಿ ಇದು ಯುದ್ಧದ ಮಂಡಲವ್ಯೂಹವನ್ನು ಹೋಲುತ್ತದೆ. ಆದರೆ ನಾಲ್ಕು ದಿಕ್ಕಿಗೂ ಬಾಗಿಲುಗಳು ತೆರೆದಿರುತ್ತವೆ. ಬಾಗಿಲೆದುರಿನ ಮಾನಸ್ತಂಭವನ್ನು ಕಂಡೊಡನೆ ಬರುವವನ ಅಹಂಕಾರ ಕರಗುತ್ತದೆ. ದೇವ, ಮನುಷ್ಯ, ಪ್ರಾಣಿಗಳಿಗೆಲ್ಲ ಅಲ್ಲಿ ಸ್ಥಳವುಂಟು. ಯುದ್ಧವ್ಯೂಹದ ಕೇಂದ್ರದಲ್ಲಿ ಮರಣವಿದ್ದರೆ ಇದರ ಕೇಂದ್ರದಲ್ಲಿ ಬಿಡುಗಡೆಯಿದೆ. ಸಮವಸರಣದ ವರ್ಣನೆ ಜೈನಪುರಾಣಗಳ ಸಾಮಾನ್ಯ ಅಂಗವೆಂಬುದು ನಿಜ. ಆದರೆ ಅದನ್ನು ಬರೆದ ಕೈ ಯುದ್ಧಭೂಮಿಯ ವೃತ್ತವನ್ನೂ ಬರೆಯಿತೆಂಬುದು ಪಂಪನ ವಿಷಯದಲ್ಲಿ ವಿಶೇಷ.

4. ವಿಕ್ರಮಾರ್ಜುನವಿಜಯ: ಹೊರದಾರಿಯಿಲ್ಲದ ವೃತ್ತ

ಆಸ್ಥಾನದ ಪಂಡಿತರ ಒತ್ತಾಸೆಯಿಂದ ಪಂಪನು ಭಾರತವನ್ನು ಕೈಗೆತ್ತಿಕೊಂಡನು. ದೊಡ್ಡ ಕಥೆಯನ್ನು ಅದರ ಮೈಗೆಡದಂತೆ ಸಮಗ್ರವಾಗಿ ಹೇಳಿದವರು ಹಿಂದೆ ಇಲ್ಲವೆಂಬುದು ಅವನ ಅಭಿಮಾನದ ಮಾತು. ಹದಿನಾಲ್ಕು ಆಶ್ವಾಸಗಳ ಈ ಕಾವ್ಯದಲ್ಲಿ ಅರ್ಜುನನೇ ಅರಿಕೇಸರಿ. ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಕೊನೆಯಲ್ಲಿ ಪಟ್ಟವಾಗುವುದು ಅರ್ಜುನನಿಗೆ, ಸುಭದ್ರೆಯೊಡನೆ. ಒಡೆಯನನ್ನು ಕಥಾನಾಯಕನೊಡನೆ ಒಂದುಮಾಡುವ ಈ ತಂತ್ರವು ಸೇವೆಯ ಋಣದಿಂದ ಹುಟ್ಟಿದುದು. ಅದು ಕವಿಯನ್ನು ಬಿಗಿದ ಬಗೆಯನ್ನು ವಿಮರ್ಶಕರು ಹಲವು ಕಡೆ ಗುರುತಿಸಿದ್ದಾರೆ. ಅರ್ಜುನನು ಎಲ್ಲಿಯೂ ಸೋಲುವಂತಿಲ್ಲ, ತಪ್ಪುವಂತಿಲ್ಲ. ಈ ಅರ್ಥದಲ್ಲಿ ಕಾವ್ಯದ ಚೌಕಟ್ಟೇ ಒಂದು ವ್ಯೂಹ. ಕವಿ ತಾನಾಗಿ ಅದರೊಳಗೆ ಹೊಕ್ಕಿದ್ದಾನೆ.

ಕಥೆಯೊಳಗಿನ ವ್ಯೂಹ ಅಭಿಮನ್ಯುವಿನದು. ಕೌಟಿಲ್ಯನ ‘ಅರ್ಥಶಾಸ್ತ್ರ’ವು ಸೈನ್ಯದ ಒಡ್ಡಣೆಯನ್ನು ದಂಡ, ಭೋಗ, ಮಂಡಲ, ಅಸಂಹತ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಪರಂಪರೆಯು ಚಕ್ರವ್ಯೂಹವೆಂದೂ ಪದ್ಮವ್ಯೂಹವೆಂದೂ ಕರೆದಿರುವ ದ್ರೋಣನ ರಚನೆ ಮಂಡಲದ ಜಾತಿಗೆ ಸೇರುತ್ತದೆ. ಸಂಸಪ್ತಕರು ಅರ್ಜುನನನ್ನು ಬೇರೆಡೆಗೆ ಸೆಳೆದೊಯ್ದಾಗ ಬಾಲಕನಾದ ಅಭಿಮನ್ಯು ವ್ಯೂಹವನ್ನು ಭೇದಿಸಿ ಹೋಗುತ್ತಾನೆ. ಶಿವನ ವರಬಲದಿಂದ ಸೈಂಧವನು ಬಾಗಿಲನ್ನು ಮುಚ್ಚಿ ಉಳಿದ ಪಾಂಡವರನ್ನು ತಡೆಯುತ್ತಾನೆ. ಒಳಗೆ ಹುಡುಗ ದುರ್ಯೋಧನನ ಮಗನಾದ ಲಕ್ಷಣನನ್ನು ಕೊಲ್ಲುತ್ತಾನೆ. ಅನೇಕರು ಕೂಡಿ ಅವನನ್ನು ಕೊಲ್ಲುತ್ತಾರೆ. ಎರಡು ಕಡೆಯ ತಂದೆಯಂದಿರೂ ಒಂದೇ ದಿನ ಮಕ್ಕಳನ್ನು ಕಳೆದುಕೊಳ್ಳುತ್ತಾರೆ.

ಅರಿಕೇಸರಿ-ಅರ್ಜುನರ ಅಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ಈ ಪ್ರಸಂಗದ ತೂಕ ಹೆಚ್ಚುತ್ತದೆ. ಇಲ್ಲಿ ಸಾಯುವವನು ಒಡೆಯನ ಪ್ರತಿರೂಪದ ಮಗ. ಸೋಲದ ನಾಯಕನ ಕಾವ್ಯದ ನಡುವೆ ಸೋಲಿನ ಒಂದು ವೃತ್ತ ಉಳಿದುಕೊಂಡಿದೆ. ಅದನ್ನು ತಪ್ಪಿಸಲು ಕಥೆ ಬಿಡುವುದಿಲ್ಲ, ತಪ್ಪಿಸುವ ಮನಸ್ಸನ್ನು ಕವಿಯೂ ಮಾಡಿಲ್ಲ. ಮುಂದೆ ರನ್ನನು ‘ಗದಾಯುದ್ಧ’ದಲ್ಲಿ ರಣಭೂಮಿಯನ್ನು ದಾಟುವ ದುರ್ಯೋಧನನನ್ನು ಅಭಿಮನ್ಯುವಿನ ಶವದ ಮುಂದೆ ನಿಲ್ಲಿಸಿ, ಶತ್ರುವಿನ ಬಾಯಿಂದಲೇ ಆ ಸಾಹಸವನ್ನು ಹೊಗಳಿಸುತ್ತಾನೆ. ಪಂಪನ ಕಾವ್ಯವಿಲ್ಲದೆ ಆ ಕಾವ್ಯವಿಲ್ಲ. ಕೋಳಿವಾಡದ ಕುಮಾರವ್ಯಾಸನು ದ್ರೋಣಪರ್ವದಲ್ಲಿ ಇದೇ ಪ್ರಸಂಗವನ್ನು ಗಮಕಿಗಳ ಪ್ರಿಯವಾದ ಭಾಗವಾಗುವಂತೆ ಬೆಳೆಸಿದನು.

ಶಿಲ್ಪದಲ್ಲಿ ಈ ಸಂಕೇತ ಸ್ಪಷ್ಟವಾದ ಆಕಾರ ಪಡೆದುದು ಹೊಯ್ಸಳರ ಕಾಲದಲ್ಲಿ. ಹನ್ನೆರಡನೆಯ ಶತಮಾನದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಭಿತ್ತಿಯಲ್ಲಿ ವ್ಯೂಹವನ್ನು ಒಂದರೊಳಗೊಂದು ಸುತ್ತಿದ ಹಾದಿಗಳಾಗಿ ಕೆತ್ತಲಾಗಿದೆ. ಸೈನ್ಯದ ಒಡ್ಡಣೆ ಅಲ್ಲಿ ರೇಖೆಯಾಗಿದೆ. ಜನರ ಆಡುಮಾತಿನ ಏಳು ಸುತ್ತಿನ ಕೋಟೆಯ ಕಲ್ಪನೆಗೂ ಈ ಶಿಲ್ಪಕ್ಕೂ ಸಾಮ್ಯವಿದೆ. ಗ್ರೀಕ್ ಪುರಾಣದ ಕ್ರೀಟ್ ದ್ವೀಪದ ಜಟಿಲಗೃಹದಲ್ಲಿಯೂ ಇಂಥ ಸುತ್ತುಹಾದಿಯುಂಟು. ಆದರೆ ಅಲ್ಲಿ ಥೀಸಿಯಸನು ನೂಲಿನ ಎಳೆ ಹಿಡಿದು ಹೊರಗೆ ಬರುತ್ತಾನೆ. ಅಭಿಮನ್ಯುವಿನ ಕೈಯಲ್ಲಿ ಎಳೆಯಿಲ್ಲ. ಭಾರತೀಯ ಕಲ್ಪನೆಯಲ್ಲಿ ವ್ಯೂಹದ ಗೋಡೆಗಳು ಕಲ್ಲಿನವಲ್ಲ, ಮನುಷ್ಯರವು. ಅವು ಚಲಿಸುತ್ತವೆ, ಹೊಕ್ಕವನ ಹಿಂದೆ ಮುಚ್ಚಿಕೊಳ್ಳುತ್ತವೆ. ಮುಚ್ಚುವವರಲ್ಲಿ ಬಂಧುಗಳೂ ಗುರುಗಳೂ ಇರುತ್ತಾರೆ.

ಈ ಮನುಷ್ಯವ್ಯೂಹದಲ್ಲಿ ಸಿಕ್ಕಿದ ಇನ್ನೊಬ್ಬ ಯೋಧ ಕರ್ಣ. ಜನ್ಮರಹಸ್ಯ ತಿಳಿದ ಮೇಲೆ ಅವನಿಗೆ ಹೊರದಾರಿ ತೆರೆದಿತ್ತು. ನಂಬಿದ ದುರ್ಯೋಧನನನ್ನು ಬಿಡಲಾರೆನೆಂದು ಅವನೇ ಅದನ್ನು ಮುಚ್ಚಿಕೊಂಡನು. ಉಂಡ ಅನ್ನದ ಋಣದ ನೀತಿಯನ್ನು ಬಲ್ಲ ಕವಿಯೇ ಕರ್ಣನನ್ನು ಹೀಗೆ ಕಾಣಬಲ್ಲ. ಒಡೆಯನಿಗಾಗಿ ಅರ್ಜುನನನ್ನು ನಾಯಕನನ್ನಾಗಿ ಮಾಡಿದ ಪಂಪನು, ಸೇವಕನ ಸಂಕಟಕ್ಕಾಗಿ ಓದುಗರ ಮನಸ್ಸನ್ನು ಕರ್ಣನಿಗೆ ಬಿಟ್ಟುಕೊಟ್ಟಿದ್ದಾನೆ. ಕಾವ್ಯದ ಕೊನೆಯಲ್ಲಿ ಭಾರತವು ಲೋಕಪೂಜ್ಯವಾಗಲು ಕಾರಣರಾದವರನ್ನು ಎಣಿಸುವಾಗ ಛಲಕ್ಕೆ ದುರ್ಯೋಧನನನ್ನೂ ಸತ್ಯಕ್ಕೆ ಕರ್ಣನನ್ನೂ ಅವನು ಹೆಸರಿಸುತ್ತಾನೆ. ಚೌಕಟ್ಟಿನ ವ್ಯೂಹದಲ್ಲಿ ಕವಿ ಕಂಡುಕೊಂಡ ಬಾಗಿಲು ಇದು.

5. ಧರ್ಮವುರ

ಕಾವ್ಯಕ್ಕೆ ಮೆಚ್ಚಿದ ಅರಿಕೇಸರಿ ಪಂಪನನ್ನು ವಸ್ತ್ರಾಭರಣಗಳಿಂದ ಸತ್ಕರಿಸಿ, ಬಚ್ಚೆಸಾಸಿರದ ಧರ್ಮವುರವೆಂಬ ಅಗ್ರಹಾರವನ್ನು ಶಾಸನಪೂರ್ವಕವಾಗಿ ಕೊಟ್ಟನು. ಈ ದತ್ತಿಯನ್ನು ಕಾವ್ಯವೂ ಹೇಳುತ್ತದೆ, ಜಿನವಲ್ಲಭನ ಶಾಸನವೂ ಹೇಳುತ್ತದೆ. ಮುಂದಿನ ಪಂಪನ ಬದುಕಿನ ಪರಿಸರ ಈ ಊರಿನದು. ರಣಭೂಮಿಯ ಬದಲು ಬೆಟ್ಟ, ಬಸದಿ, ಕೆರೆ, ತೋಟಗಳೊಡನೆ ಅವನ ಹೆಸರು ಕೂಡಿಕೊಳ್ಳುತ್ತದೆ.

ಧರ್ಮವುರದ ಬಳಿಯ ವೃಷಭಗಿರಿಯಲ್ಲಿ ಜಿನವಲ್ಲಭನು ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಬಂಡೆಯಲ್ಲಿ ಕಂಡರಿಸಿದನು. ಕುರ್ಕ್ಯಾಲದ ಬೊಮ್ಮಲಗುಟ್ಟವೆಂದು ಇಂದು ಕರೆಯುವ ಬೆಟ್ಟವೇ ಅದು. ತ್ರಿಭುವನತಿಲಕವೆಂಬ ಬಸದಿ, ಕವಿತಾಗುಣಾರ್ಣವವೆಂಬ ಕೆರೆ, ಮದನವಿಲಾಸವೆಂಬ ತೋಟ ಇವುಗಳನ್ನೂ ಮಾಡಿಸಿದನು. ಶಾಸನವು ಸಂಸ್ಕೃತ, ತೆಲುಗು, ಕನ್ನಡ ಮೂರು ಭಾಷೆಗಳಲ್ಲಿದೆ. ಅದರ ತೆಲುಗು ಕಂದಪದ್ಯಗಳು ಆ ಭಾಷೆಯ ಸಾಹಿತ್ಯಚರಿತ್ರೆಗೂ ಅಮೂಲ್ಯವಾದುವು. ಒಂದು ಮನೆತನದ ಮೂರು ನುಡಿಗಳು ಒಂದೇ ಬಂಡೆಯ ಮೇಲೆ ಜಗಳವಿಲ್ಲದೆ ಕೂಡಿವೆ.

ಇಲ್ಲಿ ಎರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದಾಗಿ, ಕವಿತಾಗುಣಾರ್ಣವ ಎಂಬುದು ಪಂಪನ ಬಿರುದು. ತಮ್ಮನು ಅಣ್ಣನ ಬಿರುದನ್ನು ಕೆರೆಗೆ ಇಟ್ಟಿದ್ದಾನೆ. ಕಾವ್ಯಗುಣಗಳ ಸಮುದ್ರವೆಂಬ ಹೊಗಳಿಕೆ ಊರಿನ ಹೊಲಗಳಿಗೂ ದನಕರುಗಳಿಗೂ ಒದಗುವ ನೀರಾಗಿದೆ. ಎರಡನೆಯದಾಗಿ, ಬೆಟ್ಟದ ಹೆಸರು. ‘ಆದಿಪುರಾಣ’ದ ಭರತನು ವೃಷಭಾಚಲದಲ್ಲಿ ಇನ್ನೊಬ್ಬನ ಪ್ರಶಸ್ತಿಯನ್ನು ಅಳಿಸಿ ತನ್ನ ಹೆಸರನ್ನು ಬರೆಸಿದನು. ವೃಷಭಗಿರಿಯಲ್ಲಿ ಜಿನವಲ್ಲಭನು ಯಾರನ್ನೂ ಅಳಿಸದೆ ತಾಯಿ, ತಾಯಿಯ ಅಜ್ಜ, ತಂದೆ, ಅಣ್ಣ ಇವರೆಲ್ಲರ ಹೆಸರುಗಳನ್ನು ಬರೆಸಿದನು. ಅಬ್ಬಣಬ್ಬೆಯ ಹೆಸರೂ ಅಣ್ಣಿಗೇರಿಯ ನಂಟೂ ಉಳಿದದ್ದು ಈ ಬರಹದಿಂದ. ಬಂಡೆಯ ಮೇಲಿನ ಚಕ್ರೇಶ್ವರಿ ಆದಿನಾಥನ ಯಕ್ಷಿ. ಅವಳ ಆಯುಧ ಚಕ್ರ. ಯುದ್ಧದಲ್ಲಿ ಸುತ್ತಿದ ಚಕ್ರ, ಅಯೋಧ್ಯೆಯ ಬಾಗಿಲಲ್ಲಿ ನಿಂತ ಚಕ್ರ, ಇಲ್ಲಿ ರಕ್ಷಣೆಯ ಚಿಹ್ನೆಯಾಗಿ ನೆಲೆನಿಂತಿದೆ.

ಈ ಪರಿಸರದ ಸಾರಸ್ವತ ಜೀವನ ಪಂಪನೊಂದಿಗೆ ಮುಗಿಯಲಿಲ್ಲ. ಅರಿಕೇಸರಿಯ ಮಗ ವಾಗರಾಜನ ಕಾಲದಲ್ಲಿ, 959ರಲ್ಲಿ, ಸೋಮದೇವಸೂರಿಯು ಗಂಗಧಾರೆಯಲ್ಲಿ ‘ಯಶಸ್ತಿಲಕಚಂಪು’ವನ್ನು ಪೂರ್ಣಗೊಳಿಸಿದನು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕೂ ಜನ್ಮಜನ್ಮಾಂತರದ ಸುತ್ತು ತಪ್ಪದೆಂಬ ಯಶೋಧರನ ಕಥೆ ಅದರ ವಸ್ತು. ಸಾಮಂತರ ಚಿಕ್ಕ ಆಸ್ಥಾನವೊಂದು ಇಪ್ಪತ್ತು ವರ್ಷಗಳ ಅಂತರದಲ್ಲಿ ಎರಡು ಭಾಷೆಗಳ ಮಹಾಕಾವ್ಯಗಳಿಗೆ ಆಶ್ರಯವಾಯಿತು.

6. ಉಳಿದ ಬರಹ

ಪಂಪನ ಮುಂದಿನ ಪಯಣ ತಾಳೆಗರಿಗಳದು. ಬಿ.ಎಲ್. ರೈಸ್ ಅವರು 1898ರಲ್ಲಿ ‘ಪಂಪಭಾರತ’ವನ್ನು ಮುದ್ರಿಸಿದರು. 1900ರಲ್ಲಿ ಎಸ್.ಜಿ. ನರಸಿಂಹಾಚಾರ್ಯರಿಂದ ‘ಆದಿಪುರಾಣ’ ಬೆಳಕಿಗೆ ಬಂದಿತು. ಬೆಳ್ಳಾವೆ ವೆಂಕಟನಾರಣಪ್ಪನವರ ಸಂಪಾದಕತ್ವದಲ್ಲಿ ಕನ್ನಡ ಸಾಹಿತ್ಯ ಪರಿಷತ್ತು 1931ರಲ್ಲಿ ಭಾರತವನ್ನು ಪರಿಷ್ಕರಿಸಿ ಹೊರತಂದಿತು. ಕರ್ನಾಟಕ ಸರ್ಕಾರವು 1987ರಲ್ಲಿ ಸ್ಥಾಪಿಸಿದ ಪಂಪ ಪ್ರಶಸ್ತಿ ಮೊದಲು ಕುವೆಂಪು ಅವರಿಗೆ ಸಂದಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಕೊಡುವ ನಾಡೋಜ ಪದವಿಯ ಹೆಸರೂ ಪಂಪನಿಂದಲೇ ಬಂದುದು.

ಗೌರವಗಳ ನಡುವೆ ಮರೆಯಬಾರದ ಸಂಗತಿ ಒಂದುಂಟು. ಪಂಪನ ಕಾಲದ ಲೆಕ್ಕವಿಲ್ಲದಷ್ಟು ಯೋಧರಿಗೆ ದೊರೆತದ್ದು ವೀರಗಲ್ಲು. ಬದುಕಿ ಬಂದ ಒಬ್ಬ ಯೋಧನು ಯುದ್ಧವನ್ನು ಬಲ್ಲವನಾಗಿಯೇ, ಅದರ ವೃತ್ತದಿಂದ ಹೊರಗೆ ನಿಂತು, ಒಂದು ಕಾವ್ಯದಲ್ಲಿ ಹೊರಬರಲಾರದ ಬಾಲಕನನ್ನೂ ಇನ್ನೊಂದರಲ್ಲಿ ಗೆದ್ದು ಹೊರಟುಹೋದ ರಾಜಕುಮಾರನನ್ನೂ ಚಿತ್ರಿಸಿದನು. ಅಭಿಮನ್ಯು ಮತ್ತು ಬಾಹುಬಲಿ ಇವರನ್ನು ಲೌಕಿಕ, ಆಗಮಿಕ ಎಂದು ಬೇರೆ ಬೇರೆ ಪಾಠಗಳಲ್ಲಿ ಬೋಧಿಸುವುದು ರೂಢಿ. ಅವರಿಬ್ಬರನ್ನೂ ಒಂದೇ ಅನುಭವದ ಎರಡು ಕೊನೆಗಳಾಗಿ ಓದಿದರೆ ಪಂಪನ ಬದುಕಿಗೂ ಬರಹಕ್ಕೂ ನಡುವಿನ ದಾರಿ ಗೋಚರಿಸುತ್ತದೆ. ಆ ದಾರಿ ಅಣ್ಣಿಗೇರಿಯ ನುಡಿಯಿಂದ ಹೊರಟು, ವೇಮುಲವಾಡದ ಪಾಳೆಯವನ್ನು ಹಾದು, ಧರ್ಮವುರದ ಕೆರೆಯ ದಂಡೆಗೆ ಬಂದು ನಿಲ್ಲುತ್ತದೆ.